ಜ್ವರ ಬಾರದ ಮನೆ

"ಜ್ವರ ಬಂದಿತ್ತಾ, ಇಲ್ವಾ? ಅಷ್ಟು ಹೇಳಿ ಸಾಕು."

ಶವಾಗಾರದ ಡಾಕ್ಟರಮ್ಮ ಕೈಗವಸು ಕಿತ್ತು ತೊಟ್ಟಿಗೆ ಎಸೆದರು. ಎಸೆದ ರಭಸ ನೋಡಿದರೆ ಇನ್‌ಸ್ಪೆಕ್ಟರನ ಮುಖಕ್ಕೇ ಎಸೆಯಬೇಕೆಂದಿದ್ದಂತಿತ್ತು.

"ಇಲ್ಲ. ಒಂದು ದಿನವೂ ಇಲ್ಲ. ಅದಕ್ಕೆ ಇಡೀ ಫ್ಯಾಕ್ಟರಿನೇ ಸಾಕ್ಷಿ" ಎಂದ ಇನ್‌ಸ್ಪೆಕ್ಟರ್.

ಬಿಸ್ಕತ್ತು ಫ್ಯಾಕ್ಟರಿಯ ಯಜಮಾನ ಸತ್ತು ತಿಂಗಳ ಮೇಲಾಗಿತ್ತು. ಊಟ ಬಡಿಸುತ್ತಿದ್ದ ಕಿರಿಸೊಸೆಯೇ ವಿಷ ಹಾಕಿದಳೆಂದು ಹಿರಿಮಗ ದೂರು ಕೊಟ್ಟಿದ್ದ. ಇವತ್ತು ಸಂಜೆಯೊಳಗೆ ಅವಳನ್ನು ಬಂಧಿಸದಿದ್ದರೆ ಕೇಸು ಬೇರೆಯವರ ಕೈಗೆ ಹೋಗುತ್ತದೆಂದು ಮೇಲಧಿಕಾರಿ ಬೆಳಿಗ್ಗೆ ಫೋನಿನಲ್ಲೇ ಗುಡುಗಿದ್ದರು. ಬೇರೆಯವರ ಕೈ ಎಂಥದೆಂದು ಇನ್‌ಸ್ಪೆಕ್ಟರನಿಗೆ ಗೊತ್ತಿತ್ತು. ಹೆಂಗಸು ಮಾಡದ ತಪ್ಪನ್ನು ಒಪ್ಪಿಕೊಂಡು ಹೊರಗೆ ಬರುವ ಕೈ ಅದು.

ಡಾಕ್ಟರಮ್ಮ ಮೇಜಿನ ಮೇಲಿದ್ದ ಗಾಜಿನ ಜಾಡಿಯನ್ನು ಅವನತ್ತ ನೂಕಿದರು. ಒಳಗೆ ಬೂದುಬಣ್ಣದ ಒಂದು ತುಂಡು ತೇಲುತ್ತಿತ್ತು. ಅದರ ತುಂಬ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ.

"ಶ್ವಾಸಕೋಶ. ಮೊದಲು ಕೊಯ್ದ ಮಹಾನುಭಾವ ಹೊಟ್ಟೆ ಮಾತ್ರ ನೋಡಿ, ಮಿಕ್ಕಿದ್ದನ್ನ ಜಾಡಿಗೆ ಹಾಕಿಟ್ಟಿದಾನೆ. ನೀವು ವಿಷ ಅಂತ ಬರೆದು ಕಳಿಸಿದ್ರಿ, ಅವನು ವಿಷ ಹುಡುಕಿದ. ವಿಷ ಇಲ್ಲ ಅಂತ ಗೊತ್ತಾಗೋಕೆ ತಿಂಗಳು ಬೇಕಾಯ್ತು. ಇದು ಟಿ.ಬಿ. ಎದೆ, ಯಕೃತ್ತು, ಮಿದುಳು, ಎಲ್ಲಿ ಕೈ ಇಟ್ಟರೂ ಇದೇ."

ಕಾಯಿಲೆಯಿಂದ ಸತ್ತನೆಂದರೆ ಕೇಸೇ ಇಲ್ಲವಲ್ಲ ಎಂದ ಇನ್‌ಸ್ಪೆಕ್ಟರ್. ಎದೆಯ ಮೇಲಿನ ಕಲ್ಲೊಂದು ಇಳಿದಂತಾಗಿತ್ತು. ಡಾಕ್ಟರಮ್ಮ ಮುಖ ಸಿಂಡರಿಸಿದರು. ಇಷ್ಟು ಟಿ.ಬಿ. ಇರುವ ಮನುಷ್ಯ ಕೆಂಡದ ಹಾಗೆ ಸುಡಬೇಕು, ಬೆವರಿ ಹಾಸಿಗೆ ತೋಯಿಸಬೇಕು, ಸವೆದು ಕಡ್ಡಿಯಾಗಬೇಕು. ಇವನು ಸಾಯುವ ಹಿಂದಿನ ವಾರವೂ ಫ್ಯಾಕ್ಟರಿ ಸುತ್ತಿ ಕೂಲಿಯವರನ್ನು ಬೈದಿದ್ದಾನೆ, ಅದು ಹೇಗೆ ಎಂದು ಕೇಳಿದರು.

"ನೀವೇ ಹೇಳಿ."

"ಜ್ವರ ಬರಿಸೋದು ಕ್ರಿಮಿ ಅಲ್ಲ, ಸಾಹೇಬ್ರೇ. ನಮ್ಮ ಮೈ. ಊತ, ಕೀವು, ನೋವು, ಎಲ್ಲ ನಮ್ಮ ಕಡೆಯವರದೇ ಗಲಾಟೆ. ಒಳಗೆ ಕಳ್ಳ ಹೊಕ್ಕಿದಾನೆ, ಕಾವಲಿನವರು ಕೂಗಾಡ್ತಿದಾರೆ, ಅದೇ ಜ್ವರ. ಸದ್ದೇ ಇಲ್ಲ ಅಂದ್ರೆ ಕಳ್ಳ ಇಲ್ಲ ಅಂತ ಅಲ್ಲ. ಕಾವಲಿನವರನ್ನ ಯಾರೋ ಮಲಗಿಸಿದಾರೆ ಅಂತ."

ಅವರು ಇನ್ನೊಂದು ಚಿಕ್ಕ ಜಾಡಿ ತೋರಿಸಿದರು. ಮೂತ್ರಪಿಂಡದ ಮೇಲೆ ಕೂರುವ ಗ್ರಂಥಿ ಅದು. ಒಣದ್ರಾಕ್ಷಿಯ ಹಾಗೆ ಮುದುರಿತ್ತು. ಮೈಯ ಕಾವಲು ಮಲಗಿಸುವ ಸ್ಟೆರಾಯ್ಡನ್ನು ಹೊರಗಿನಿಂದ ತಿನ್ನುತ್ತಾ ಹೋದರೆ ಅದು ಹೀಗೆ ಸೊರಗುತ್ತದೆ ಎಂದರು. ಮುಖ ತುಂಬಿಕೊಂಡು ಗುಂಡಗಾಗುತ್ತದೆ, ಕೈಕಾಲು ಸಣ್ಣಗಾಗುತ್ತವೆ, ಚರ್ಮ ತೆಳುವಾಗಿ ಮುಟ್ಟಿದರೆ ನೀಲಿಗಟ್ಟುತ್ತದೆ.

ಯಜಮಾನನ ತೋಳಿನ ಮೇಲೆ ನೀಲಿ ಕಲೆಗಳಿದ್ದವು. ಸೊಸೆ ಹೊಡೆಯುತ್ತಿದ್ದಳು ಎನ್ನುವುದಕ್ಕೆ ಹಿರಿಮಗ ಅದನ್ನೇ ಗುರುತು ಮಾಡಿ ತೋರಿಸಿದ್ದ.

"ಈ ಟಿ.ಬಿ. ಹೊಸದಲ್ಲ" ಎಂದರು ಡಾಕ್ಟರಮ್ಮ. "ಎದೆ ಮೇಲ್ಗಡೆ ಹಳೇ ಗಾಯದ ಗುರುತಿದೆ, ಸುಣ್ಣ ಕಟ್ಟಿದ ಹಾಗೆ. ಹುಡುಗನಾಗಿದ್ದಾಗ ಬಂದಿರಬೇಕು. ಆಗ ಮೈ ಅದರ ಸುತ್ತ ಗೋಡೆ ಕಟ್ಟಿ ಕೂಡಿಹಾಕಿದೆ. ಜನ್ಮಪೂರ್ತಿ ಹಾಗೇ ಇರಬಹುದಿತ್ತು. ಇದು ಗೊತ್ತಿದ್ದವರು ಯಾರೋ ಕಾವಲು ತೆಗೆಸಿದಾರೆ. ವಿಷ ಹಾಕೋ ತೊಂದರೇನೇ ಇಲ್ಲ. ಬೀಗ ತೆಗೆದು ಸುಮ್ಮನೆ ಕೂತರಾಯ್ತು."

ಅವನು ಏನಾದರೂ ಔಷಧಿ ತಿನ್ನುತ್ತಿದ್ದನಾ ಎಂದು ಕೇಳಿದರು. ಮಂಡಿನೋವಿಗೆ ಒಂದು ನಾಟಿ ಪುಡಿ ಎಂದ ಇನ್‌ಸ್ಪೆಕ್ಟರ್. ಅದರ ಬಾಟಲಿಯನ್ನು ಮೊದಲ ದಿನವೇ ಸೀಲು ಮಾಡಿ ಕಳಿಸಿದ್ದೆವು, ವಿಷ ಸಿಗಲಿಲ್ಲ.

"ಸಿಗಲ್ಲ. ಅದು ವಿಷ ಅಲ್ಲವಲ್ಲ, ಔಷಧಿ. ಅದನ್ನ ಯಾರೂ ಹುಡುಕಿಲ್ಲ. ನಾನು ಹುಡುಕಿಸ್ತೀನಿ, ಮಧ್ಯಾಹ್ನ ಹೇಳ್ತೀನಿ. ಮಂಡಿನೋವು ಅಂದ್ರಾ? ಸರಿಯಾಗಿದೆ. ವಯಸ್ಸಾದೋರ ಮಂಡಿ ಊದಿಸೋದೂ ಅದೇ ಕಾವಲಿನವರು. ಅವರು ಮಲಗಿದರೆ ಮಂಡಿ ತಣ್ಣಗಾಗುತ್ತೆ. ತಿಂದವನು ಪುಡಿ ಕೊಟ್ಟವರ ಕಾಲಿಗೆ ಬೀಳ್ತಾನೆ."

ಇನ್‌ಸ್ಪೆಕ್ಟರ್ ತನ್ನ ಬಲಮಂಡಿ ಮುಟ್ಟಿ ನೋಡಿಕೊಂಡ. ಇವತ್ತು ಬೆಳಿಗ್ಗೆ ಆಸ್ಪತ್ರೆಯ ಮೆಟ್ಟಿಲನ್ನು ಅವನು ಹುಡುಗನ ಹಾಗೆ ಹಾರಿಕೊಂಡು ಹತ್ತಿದ್ದ. ವರ್ಷಗಟ್ಟಲೆ ಅವನನ್ನು ಅಳಿಸಿದ್ದ ಬಲಮಂಡಿ ಈ ತಿಂಗಳಲ್ಲಿ ಒಮ್ಮೆಯೂ ಕಿರಿಕಿರಿ ಮಾಡಿರಲಿಲ್ಲ.

ಅವನು ಜೇಬಿನಿಂದ ಮಡಿಸಿದ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ.

"ಇದೂ ಅದೇ ಮನೆಯದು. ಇದನ್ನೂ ನೋಡಿ."

"ಇದನ್ನ ತಿಂತಿರೋರು ಯಾರು?"

"ಒಬ್ಬ ಸಾಕ್ಷಿ."

ಡಾಕ್ಟರಮ್ಮ ಪೊಟ್ಟಣ ನೋಡಲಿಲ್ಲ. ಅವನ ಮುಖ ನೋಡಿದರು. ಕೆನ್ನೆ, ಗಲ್ಲ, ಕುತ್ತಿಗೆ.

"ಆ ಸಾಕ್ಷಿಗೆ ಹೇಳಿ, ಏಕ್‌ದಮ್ ನಿಲ್ಲಿಸಬಾರದು ಅಂತ. ಗ್ರಂಥಿ ಸೊರಗಿರುತ್ತೆ. ತಿಂದರೆ ನಿಧಾನ ಸಾಯ್ತಾನೆ, ದಿಢೀರ್ ಅಂತ ಬಿಟ್ಟರೆ ಬೇಗ ಸಾಯ್ತಾನೆ. ಸಂಜೆ ಬಂದು ನನ್ನ ನೋಡಲಿ. ನಡೆದುಕೊಂಡು ಬಂದ್ರೆ ಒಳ್ಳೇದು. ಹೊತ್ಕೊಂಡು ಬಂದ್ರೂ ಇಲ್ಲಿಗೇ ತರ್ತಾರೆ."

* * *

ಫ್ಯಾಕ್ಟರಿ ಗೇಟಿನಲ್ಲಿ ಹತ್ತು ಗಂಟೆಯ ಪಾಳಿ ಒಳಗೆ ಹೋಗುತ್ತಿತ್ತು. ಸುಟ್ಟ ಸಕ್ಕರೆಯ ವಾಸನೆ ರಸ್ತೆವರೆಗೂ ಹರಡಿತ್ತು. ಒಲೆಮನೆಯ ಗಂಡಸರು, ಪ್ಯಾಕಿಂಗಿನ ಹೆಂಗಸರು, ತಲೆಗೆ ಬಿಳಿ ಟೋಪಿ ಹಾಕಿಕೊಂಡು ಸಾಲಾಗಿ ಬೆಂಚಿನ ಮೇಲೆ ಕೂತಿದ್ದರು. ಪ್ರತಿಯೊಬ್ಬರ ಕಂಕುಳಲ್ಲೂ ಒಂದೊಂದು ಥರ್ಮಾಮೀಟರು.

ಹಿಂದೆ ಒಮ್ಮೆ ಟೈಫಾಯಿಡ್ ಹರಡಿ ಫ್ಯಾಕ್ಟರಿಗೆ ಬೀಗ ಬಿದ್ದಿತ್ತು. ಅಂದಿನಿಂದ ಯಜಮಾನ ಮಾಡಿದ ಕಟ್ಟಳೆ ಇದು. ಜ್ವರವಿದ್ದರೆ ಮನೆಗೆ, ಇಲ್ಲದಿದ್ದರೆ ಕೆಲಸಕ್ಕೆ. ಕೆಮ್ಮು, ನೆಗಡಿ, ಸುಸ್ತು ಯಾವುದನ್ನೂ ಕೇಳುವಂತಿಲ್ಲ. ಮನೆಯವರಿಗೂ ಅದೇ ನಿಯಮ. ಯಜಮಾನ ತಾನೇ ದಿನಾ ಸಾಲಿನಲ್ಲಿ ಮೊದಲು ನಿಂತು ತೋರಿಸುತ್ತಿದ್ದ.

ಗೇಟಿನ ಅಧಿಕಾರ ಯಜಮಾನನ ಬಾಮೈದನದು. ಒಣಕಲು ಮುದುಕ, ಕೆಲಸದವರು ಅವನಿಗೆ ಪಾದರಸ ಎಂದು ಹೆಸರಿಟ್ಟಿದ್ದರು. ಸಿಟ್ಟು ಏರುವುದೂ ಹಾಗೇ ಎನ್ನುತ್ತಿದ್ದರು, ಆದರೆ ಇಳಿಯಬೇಕಾದರೆ ಯಾರಾದರೂ ಹಿಡಿದು ಕೊಡವಬೇಕು. ಅವನು ಒಂದೊಂದೇ ಕಡ್ಡಿಯನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಕೊಡವಿ, ಸ್ಪಿರಿಟ್ ಲೋಟದಲ್ಲಿ ಅದ್ದಿ, ಒಂದೇ ರಾಗದಲ್ಲಿ ಹೇಳುತ್ತಿದ್ದ: "ಏನೂ ಇಲ್ಲ. ಮುಂದಿನವರು."

ಇನ್‌ಸ್ಪೆಕ್ಟರ್ ಸಾಲು ಮುಗಿಯುವವರೆಗೆ ಕಾದ. ಆಮೇಲೆ, ಕಾಲಹರಣ ಮಾಡದೆ, ನಿಮ್ಮ ಥರ್ಮಾಮೀಟರು ಒಬ್ಬನ ಜೀವ ತೆಗೆದಿದೆ ಎಂದ.

ಪಾದರಸ ಲೋಟ ಕೆಳಗಿಟ್ಟ. "ಯಾರ್ರೀ ಹೇಳಿದ್ದು?"

"ನಿಮ್ಮ ಭಾವನಿಗೆ ಮೈತುಂಬ ಟಿ.ಬಿ. ಇತ್ತು. ದಿನಾ ನೀವು ಏನೂ ಇಲ್ಲ ಅಂತ ಕೂಗಿದ್ರಿ."

"ಇರಲಿಲ್ಲ. ಜ್ವರ ಇದ್ದಿದ್ರೆ ನನ್ನ ಕಣ್ಣಿಗೆ ಬೀಳ್ತಿತ್ತು. ಯಜಮಾನ ಅಂತ ಬಿಡೋನಲ್ಲ ನಾನು. ನಮ್ಮಕ್ಕನ್ನೇ ಗೇಟಿಂದ ವಾಪಸ್ ಕಳಿಸಿದೀನಿ."

ಮುದುಕನ ಗಂಟಲಿನ ನರ ಉಬ್ಬಿತ್ತು. ಇಡೀ ಜೀವಮಾನ ಒಂದು ಗಾಜಿನ ಕಡ್ಡಿ ನಂಬಿಕೊಂಡು ಬದುಕಿದವನಿಗೆ ಅದು ಕುರುಡೆಂದು ಹೇಳಿದರೆ ಹೇಗಾಗಬೇಡ. ಆದರೆ ಇನ್‌ಸ್ಪೆಕ್ಟರನಿಗೆ ಅವನ ಮೇಲೆ ಕನಿಕರ ಬರಲಿಲ್ಲ. ಮನೆಯವರಿಗೂ ಕೂಲಿಯವರಿಗೂ ಮೈಕೈ ನೋವಿಗೆ ಬೇರು ಕುಟ್ಟಿ ಪುಡಿ ಮಾಡಿ ಹಂಚುತ್ತಿದ್ದವನು ಇವನೇ.

"ಪುಡಿಗೆ ಏನು ಬೆರೆಸಿದ್ರಿ?"

"ಬೇರು. ತೊಗಟೆ. ನಿಮ್ಮ ತಲೆ." ಪಾದರಸ ಬೆಂಚಿನ ಕೆಳಗಿನಿಂದ ತಗಡಿನ ಡಬ್ಬ ಎಳೆದು ಮುಚ್ಚಳ ಕಿತ್ತು, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಜಗಿದ. "ತಗೊಂಡೋಗಿ. ಎಲ್ಲಿ ಬೇಕೋ ಅಲ್ಲಿ ತೋರಿಸಿ. ಒಲೆಮನೆಯೋರು ಎಲ್ಲರೂ ತಿಂತಾರೆ. ಒಬ್ಬ ಸತ್ತಿದ್ರೆ ಹೇಳಿ."

ಕಾನ್‌ಸ್ಟೇಬಲ್ ಡಬ್ಬವನ್ನು ಡಾಕ್ಟರಮ್ಮನ ಹತ್ತಿರ ಒಯ್ದ. ಪಾದರಸ ಅವನು ಹೋದ ದಾರಿಯನ್ನೇ ನೋಡುತ್ತಾ, ಭಾವ ತನ್ನ ಪುಡಿ ತಿನ್ನುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತು ಎಂದ. ನಿನ್ನದು ಬರೀ ಮಣ್ಣು, ಮನೆಯಲ್ಲಿ ಹೊಸದು ಬಂದಿದೆ, ಅದು ನಾಟುತ್ತೆ ಎಂದು ಎಲ್ಲರ ಮುಂದೆ ಹಂಗಿಸಿದ್ದನಂತೆ. ಆ ಮಾತು ಈಗಲೂ ಅವನ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

"ಹೊಸದನ್ನ ತಂದೋರು ಯಾರು?"

"ನನ್ನ ಕೇಳಿದ್ರೆ? ಅಡುಗೆಮನೆ ಕಪಾಟಲ್ಲಿರುತ್ತೆ. ಅಡುಗೆಮನೆ ಯಾರ ಕೈಲಿದೆ? ಆ ಕಿರಿಯವಳ ಕೈಲಿ."

ಇನ್‌ಸ್ಪೆಕ್ಟರ್ ಆ ಬಾಣವನ್ನು ಪಕ್ಕಕ್ಕೆ ಬಿಟ್ಟು ಇನ್ನೊಂದು ಕೇಳಿದ: ಭಾವನಿಗೆ ಚಿಕ್ಕವಯಸ್ಸಿನಲ್ಲಿ ಎದೆ ಕಾಯಿಲೆ ಇತ್ತೆಂದು ಯಾರಿಗೆ ಗೊತ್ತು?

ಪಾದರಸ ಸ್ಪಿರಿಟ್ ಲೋಟದಲ್ಲಿ ಕಡ್ಡಿಗಳನ್ನು ಕಲಕುತ್ತಿದ್ದ. ಕೊನೆಗೆ, ಮದುವೆಗೆ ಮುಂಚೆ ಅವನು ಒಂದು ವರ್ಷ ಆಸ್ಪತ್ರೆಯಲ್ಲಿದ್ದ, ಅದನ್ನು ಮುಚ್ಚಿಟ್ಟು ಮದುವೆ ಮಾಡಿದರು, ಆಮೇಲೆ ತನಗೂ ಅಕ್ಕನಿಗೂ ಗೊತ್ತಾಯಿತು ಎಂದ. ಮನೆತನದ ಮರ್ಯಾದೆಯ ಪ್ರಶ್ನೆ. ಮಕ್ಕಳ ಕಿವಿಗೂ ಹಾಕಿಲ್ಲ. ಅಕ್ಕನಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತು ಎರಡು ವರ್ಷ. ಹಾಗಾದರೆ ಉಳಿದವನು ನೀವೊಬ್ಬರೇ ಎಂದ ಇನ್‌ಸ್ಪೆಕ್ಟರ್.

"ಹೌದು, ನಾನೊಬ್ಬನೇ. ಹಿಡ್ಕೊಂಡೋಗಿ. ನಾಳೆ ಪಾಳಿಗೆ ಜ್ವರ ನೀವೇ ನೋಡಿ."

* * *

ಯಜಮಾನನ ಮನೆ ಫ್ಯಾಕ್ಟರಿಯ ಹಿಂದೆ, ಅದೇ ಕಾಂಪೌಂಡಿನಲ್ಲಿತ್ತು. ಇನ್‌ಸ್ಪೆಕ್ಟರ್ ಮಧ್ಯಾಹ್ನ ಅಲ್ಲಿಗೆ ಹೋದಾಗ ಹಿರಿಮಗ ನಡುಮನೆಯಲ್ಲಿ ಕಾಯುತ್ತಿದ್ದ. ಪಾದರಸನೂ ಹಿಂದೆಯೇ ಬಂದ. ತನ್ನ ಡಬ್ಬದ ಗತಿ ಏನಾಯಿತೆಂದು ತಿಳಿಯದೆ ಅವನಿಗೆ ಊಟ ಸೇರಿರಲಿಲ್ಲ.

"ಜೀಪು ಬಾಗಿಲಿಗೇ ತರಿಸಿ, ಸಾರ್. ಕಳ್ಳಿ ಓಡಿಹೋಗಬಾರದು ಅಂತ ನಿನ್ನೆ ಸಂಜೆಯಿಂದ ಮೇಲಿನ ಕೋಣೇಲಿ ಹಾಕಿ ಬೀಗ ಹಾಕಿದೀನಿ" ಎಂದ ಹಿರಿಮಗ.

ಬೀಗ ಹಾಕುವ ಅಧಿಕಾರ ನಿನಗೆ ಯಾರು ಕೊಟ್ಟರೆಂದು ಇನ್‌ಸ್ಪೆಕ್ಟರ್ ಕೇಳಿದ. ಇದು ನನ್ನ ಮನೆ ಎಂದು ಅವನು ಹೇಳಿದ. ಫ್ಯಾಕ್ಟರಿಯ ಬೀಗದಕೈ ಗೊಂಚಲನ್ನು ಅಪ್ಪ ಕಿರಿಸೊಸೆಯ ಕೈಗೆ ಕೊಟ್ಟ ದಿನದಿಂದ ಅವನಿಗೆ ಆ ಮಾತನ್ನು ದಿನಾ ಯಾರಿಗಾದರೂ ಹೇಳಬೇಕಿತ್ತು. ತಮ್ಮನಾದವನು ಮನೆ ಬಿಟ್ಟು ಹೋಗಿದ್ದ. ಅವನ ಹೆಂಡತಿ ಹೋಗಿರಲಿಲ್ಲ. ಅತ್ತೆಯ ಹಾಸಿಗೆಯ ಹೊಲಸು ಬಳಿದಳು, ಮಾವನಿಗೆ ಅನ್ನ ಹಾಕಿದಳು, ಒಲೆಮನೆಯ ಲೆಕ್ಕ ಕಲಿತಳು. ಅದು ಹಿರಿಮಗನ ಕಣ್ಣಿಗೆ ಮುಳ್ಳು.

"ವಿಷ ಇಲ್ಲ. ನಿಮ್ಮ ತಂದೆ ಸತ್ತದ್ದು ಕಾಯಿಲೆಯಿಂದ" ಎಂದ ಇನ್‌ಸ್ಪೆಕ್ಟರ್.

"ಯಾವ ಕಾಯಿಲೆ? ಕೈ ನೀಲಿಗಟ್ಟಿತ್ತಲ್ಲ, ಅದು ಕಾಯಿಲೆನಾ? ಅಪ್ಪನ ಆ ಹಳೇ ಎದೆ ಕಾಯಿಲೆ ತೋರಿಸಿ ಇವಳನ್ನ ಬಿಡಿಸ್ಕೊಳ್ಳೋಕೆ ಬಂದಿದೀರಾ?"

ಗೋಡೆಯಾಚೆ ಬಿಸ್ಕತ್ತು ಕತ್ತರಿಸುವ ಯಂತ್ರ ಕಟಕ್ ಕಟಕ್ ಎನ್ನುತ್ತಿತ್ತು.

ಎದೆ ಎಂದು ಇನ್‌ಸ್ಪೆಕ್ಟರ್ ಹೇಳಿರಲಿಲ್ಲ. ಹಳೆಯದು ಎಂದೂ ಹೇಳಿರಲಿಲ್ಲ. ಅವನು ತಿರುಗಿ ಪಾದರಸನನ್ನು ನೋಡಿದ. ಮುದುಕ ಅಕ್ಕನ ಮಗನನ್ನೇ ನೋಡುತ್ತಿದ್ದ, ಯಾವತ್ತೂ ನೋಡಿಲ್ಲದ ಯಾರನ್ನೋ ನೋಡುವ ಹಾಗೆ.

"ನಿಂಗೆ ಅದು ಯಾರೋ ಹೇಳಿದ್ದು?"

"ಏನು ಮಾವ?"

"ನಾನು ಹೇಳಿಲ್ಲ. ನಿಮ್ಮಮ್ಮ ಬಾಯಿ ಬಿಡೋ ಹಾಗಿಲ್ಲ."

ಹಿರಿಮಗನ ಮುಖಕ್ಕೆ ರಕ್ತ ಏರಿತು. ಅಮ್ಮನೇ ಹೇಳಿದ್ದಳು, ಮಾತು ನಿಲ್ಲುವುದಕ್ಕೆ ಮುಂಚೆ, ತನಗೂ ತಮ್ಮನಿಗೂ ಒಟ್ಟಿಗೇ ಹೇಳಿದ್ದಳು ಎಂದ. ತಮ್ಮನಿಗೆ ಗೊತ್ತೆಂದರೆ ತಮ್ಮನ ಹೆಂಡತಿಗೂ ಗೊತ್ತು, ಅಲ್ಲವೇ, ಅದನ್ನು ಯಾಕೆ ಕೇಳುವುದಿಲ್ಲ ಎಂದು ಇನ್‌ಸ್ಪೆಕ್ಟರನ ಮೇಲೆ ತಿರುಗಿಬಿದ್ದ. ಉತ್ತರ ಬೇಗ ಬಂತು, ನೀಟಾಗಿಯೂ ಇತ್ತು. ನಿಜವಿದ್ದರೂ ಇರಬಹುದು. ಅದನ್ನು ಸರಿಯೋ ತಪ್ಪೋ ಎನ್ನಬಹುದಾದ ಒಂದು ಬಾಯಿ ಹಾಸಿಗೆ ಹಿಡಿದಿತ್ತು, ಇನ್ನೊಂದು ಊರು ಬಿಟ್ಟಿತ್ತು.

ಇನ್‌ಸ್ಪೆಕ್ಟರನ ಫೋನು ಬಡಿದುಕೊಂಡಿತು.

"ಮೂರೂ ನೋಡಿಸಿದೆ" ಎಂದರು ಡಾಕ್ಟರಮ್ಮ. "ಗೇಟಿನ ಡಬ್ಬ ಬರೀ ಬೇರು, ತಿಂದರೆ ಭೇದಿಯಾದೀತು, ಅಷ್ಟೇ. ಯಜಮಾನನ ಬಾಟಲಿ ತುಂಬ ಸ್ಟೆರಾಯ್ಡ್. ಆನೆ ಮಂಡಿಗೂ ಸಾಕು."

"ಮತ್ತೆ ಪೊಟ್ಟಣ?"

"ಬಾಟಲಿಗಿಂತ ಜಾಸ್ತಿ. ಸಾಕ್ಷಿ ಹೇಗಿದಾನೆ?"

ಚೆನ್ನಾಗಿದ್ದಾನೆಂದು ಹೇಳಿ ಅವನು ಫೋನು ಇಟ್ಟ. ಯಜಮಾನನ ಬಾಟಲಿಯನ್ನು ಅವನೇ ಮೊದಲ ದಿನ ಅರಗು ಹಾಕಿ ಮುಚ್ಚಿದ್ದ. ಪೊಟ್ಟಣಗಳು ಆಮೇಲೆ ಬಂದವು. ಅವನು ವಿಚಾರಣೆಗೆ ಬಂದಾಗಲೆಲ್ಲ ಒಂದೊಂದು. ಅಂದರೆ ಕೆಲಸ ಯಜಮಾನನ ಜೊತೆ ಮುಗಿದಿರಲಿಲ್ಲ. ಮನೆಯಲ್ಲಿ ಯಾರೋ ಈಗಲೂ ಪುಡಿ ತುಂಬುತ್ತಿದ್ದರು.

ಆ ಪೊಟ್ಟಣಗಳನ್ನು ಅವನ ಕೈಗೆ ಕೊಡುತ್ತಿದ್ದವಳು ಕಿರಿಸೊಸೆ. ಮೊದಲ ದಿನ ಅವನು ಕುಂಟುತ್ತಾ ಮೆಟ್ಟಿಲು ಇಳಿಯುವುದನ್ನು ಕಂಡು ತಾನಾಗಿ ತಂದು ಕೊಟ್ಟಿದ್ದಳು. ಅವಳನ್ನು ಉಳಿಸಬೇಕೆಂದು ಅವನು ತಿಂಗಳಿಂದ ಮೇಲಧಿಕಾರಿಯ ಬೈಗುಳ ತಿಂದಿದ್ದ, ಅವಳ ಪುಡಿಯ ಜೊತೆಗೆ.

"ಬೀಗ ತೆಗೀರಿ" ಎಂದ.

ಅವಳು ಗೋಡೆ ಹಿಡಿದುಕೊಂಡು ಕೆಳಗೆ ಬಂದಳು. ಹಿರಿಮಗನ ಕಡೆ ನೋಡಲಿಲ್ಲ. ಇನ್‌ಸ್ಪೆಕ್ಟರ್ ಅವಳನ್ನು ನೇರ ಅಡುಗೆಮನೆಗೆ ಕರೆದೊಯ್ದ. ಮಿಕ್ಕಿಬ್ಬರೂ ಬಾಗಿಲಲ್ಲಿ ನಿಂತರು.

"ನನಗೆ ಕೊಡ್ತಿದ್ದ ಪುಡಿ ಎಲ್ಲಿದೆ?"

ಅವಳು ಕಪಾಟು ತೆಗೆದು ಹಿತ್ತಾಳೆಯ ಭರಣಿ ಇಳಿಸಿದಳು. ಮುಚ್ಚಳ ತೆಗೆದವಳು ಹಾಗೇ ನಿಂತುಬಿಟ್ಟಳು. ಭರಣಿ ಕಂಠದವರೆಗೆ ತುಂಬಿತ್ತು.

"ನಿನ್ನೆ ಖಾಲಿಯಾಗಿತ್ತು, ಸಾರ್. ತಳ ಕೆರೆದು ನಿಮಗೆ ಹಾಕಿದ್ದು. ಆಮೇಲೆ ನನ್ನನ್ನ ಮೇಲಿನ ಕೋಣೇಲಿ ಕೂಡಿಹಾಕಿದ್ರು."

"ಯಾವಾಗಲೂ ತುಂಬೋರು ಯಾರು?"

"ಇವರೇ ಅಂದ್ಕೊಂಡಿದ್ದೆ." ಅವಳು ಪಾದರಸನತ್ತ ಕೈ ಮಾಡಿದಳು. ಮುದುಕ ಇಲ್ಲವೆಂದು ತಲೆಯಾಡಿಸಿದ.

"ಸುಳ್ಳು. ಅವಳ ಕೈಯಲ್ಲೇ ಇದೆಯಲ್ಲ, ನೋಡಿ. ಅಪ್ಪನಿಗೂ ಅವಳೇ ಕೊಟ್ಟದ್ದು. ಇನ್ನೇನು ಸಾಕ್ಷಿ ಬೇಕು ನಿಮಗೆ?" ಎಂದ ಹಿರಿಮಗ.

ಸಾಕ್ಷಿ ಎನ್ನುವ ಮಾತಿಗೆ ಇನ್‌ಸ್ಪೆಕ್ಟರನ ಕೆನ್ನೆ ಬಿಸಿಯಾಯಿತು. ಹಿರಿಮಗ ಹೇಳುವುದರಲ್ಲಿ ಹುರುಳಿತ್ತು. ಇಬ್ಬರಿಗೂ ಕೊಟ್ಟ ಕೈ ಇದೇ. ಯಾವ ನ್ಯಾಯಾಧೀಶನಿಗಾದರೂ ಅಷ್ಟು ಸಾಕು. ಆದರೆ ನಿನ್ನೆ ಸಂಜೆಯಿಂದ ಬೀಗದೊಳಗಿದ್ದವಳು ಭರಣಿ ತುಂಬಿದ್ದು ಹೇಗೆ?

"ಇದರಲ್ಲಿ ಏನಿದೆ ಅಂತ ನಿಂಗೆ ಗೊತ್ತಾ, ತಾಯಿ?"

"ನೋವಿನ ಪುಡಿ. ಒಳ್ಳೇದು, ಸಾರ್. ಅತ್ತೇನ ಎತ್ತಿ ಕೂರಿಸಿ ಬೆನ್ನು ಬಿದ್ದುಹೋಗಿತ್ತು. ನಾನೂ ತಿಂತೀನಲ್ಲ, ದಿನಾ. ಮಾವನವರಿಗೆ ಕಲಸೋವಾಗ ನಂಗೂ ಒಂದು ಚಮಚ."

ಇನ್‌ಸ್ಪೆಕ್ಟರ್ ಅವಳನ್ನು ಅವತ್ತು ಮೊದಲ ಬಾರಿ ಸರಿಯಾಗಿ ನೋಡಿದ. ತುಂಬಿಕೊಂಡ ಗುಂಡು ಮುಖ. ಅದನ್ನು ತೋರಿಸಿಯೇ ಮಾವ ಸತ್ತರೂ ಇವಳು ಮೈ ಬರಿಸಿಕೊಂಡಿದ್ದಾಳೆಂದು ಹಿರಿಮಗ ಹೀಯಾಳಿಸುತ್ತಿದ್ದ. ಬಳೆಯ ಮೇಲಿನ ತೋಳು ಕಡ್ಡಿಯಷ್ಟು ಸಣ್ಣ. ಮೊಣಕೈ ಹತ್ತಿರ ನೀಲಿ ಕಲೆ, ಅದರ ಪಕ್ಕ ಇನ್ನೊಂದು.

ಮಾವನಿಗೆ ಕೊನೆಯವರೆಗೂ ತಲೆಗೆ ಕೈಕೊಟ್ಟು ನೀರು ಕುಡಿಸಿದವಳು ಇವಳು. ಅವನು ಕೆಮ್ಮಿದ್ದು ಇವಳ ಮುಖದ ಮೇಲೆ.

ಅವಳು ಏನೋ ಹೇಳಲು ಹೋಗಿ ಕೆಮ್ಮಿದಳು. ಚಿಕ್ಕ ಕೆಮ್ಮು, ಒಣ ಕೆಮ್ಮು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು, ಅಭ್ಯಾಸವಾದವರ ಹಾಗೆ.

"ಎಷ್ಟು ದಿನದಿಂದ ಇದು?"

"ಏನಿಲ್ಲ, ಸಾರ್. ಒಲೆ ಹೊಗೆ."

ಪಾದರಸ ಆಗಲೇ ಮುಂದೆ ಬಂದಿದ್ದ. ಯಾರೂ ಹೇಳದೆ, ಅಂಗಿಯ ಜೇಬಿನಿಂದ ಥರ್ಮಾಮೀಟರು ತೆಗೆದು ಕೊಡವಿ ಅವಳ ಕೈಗೆ ಕೊಟ್ಟ. ಅವಳೂ ಯಾರೂ ಹೇಳದೆ ಕಂಕುಳಲ್ಲಿ ಇಟ್ಟುಕೊಂಡಳು. ಭರಣಿ ಅವಳ ಇನ್ನೊಂದು ಕೈಯಲ್ಲೇ ಇತ್ತು. ಬಾಗಿಲಲ್ಲಿದ್ದ ಹಿರಿಮಗ ಕದಲಲಿಲ್ಲ; ಅವನ ಕಣ್ಣು ಥರ್ಮಾಮೀಟರಿನ ಮೇಲಿರಲಿಲ್ಲ, ಭರಣಿಯ ಮೇಲಿತ್ತು.

ಮುದುಕ ಕಡ್ಡಿಯನ್ನು ಈಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಕಣ್ಣು ಕಿರಿದು ಮಾಡಿದ.

"ಏನೂ ಇಲ್ಲ" ಎಂದ.

ಆಮೇಲೆ ಕಡ್ಡಿ ಕೊಡವಿ, ಇನ್‌ಸ್ಪೆಕ್ಟರನ ದುಂಡಗಾದ ಮುಖವನ್ನು ಒಂದು ಕ್ಷಣ ದಿಟ್ಟಿಸಿ, ಅದನ್ನು ಅವನತ್ತ ಚಾಚಿದ.

"ಮುಂದಿನವರು."